ಸಹಾಯಾರ್ಥ ಪ್ರಸಾರ ಮೀಮಾಂಸೆ

ಸಮುದಾಯ ಬಾನುಲಿ ಕೇಂದ್ರಕ್ಕೂ ಊರಿನ ಸಹಾಯಾರ್ಥ ಕಾರ್ಯಕ್ರಮಗಳಿಗೂ ಇರುವ ನಂಟನ್ನು ವಿದ್ವಾಂಸರು ಈವರೆಗೆ ಸರಿಯಾಗಿ ಗಮನಿಸಿಲ್ಲ. ಗಮನಿಸಬೇಕಾದ ವಿದ್ವಾಂಸರೆಲ್ಲ ವೇದಿಕೆಯ ಮೇಲೆಯೇ ಕೂತಿರುವುದು ಇದಕ್ಕೆ ಕಾರಣ. ವೇದಿಕೆಯ ಪಕ್ಕದಲ್ಲಿ, ಜನರೇಟರಿನ ಹೊಗೆ ಬಂದು ಬಡಿಯುವ ದಿಕ್ಕಿಗೆ, ಕೈಯಲ್ಲೊಂದು ರೆಕಾರ್ಡರ್ ಹಿಡಿದು ನಿಂತಿರುವ ಬಾನುಲಿ ಕೇಂದ್ರದ ಹುಡುಗಿಯೇ ಪ್ರಸ್ತುತ ಪ್ರಬಂಧದ ವಸ್ತು.

ಮೊದಲು ವಂಶಾವಳಿ. ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ರೇಡಿಯೊ ನಡೆಸುವವನಿಗೆ ಮನುಷ್ಯರ ಮನಸ್ಸು ಗೊತ್ತಿರಬೇಕು ಎಂಬ ಮೊದಲ ಸೂತ್ರ ಅಲ್ಲಿಂದ ಹೊರಟಿತು. ಕೈಯಿಂದ ದುಡ್ಡು ಹಾಕಬೇಕು ಎಂಬ ಎರಡನೆಯ ಸೂತ್ರ ಅದರ ಬೆನ್ನಿಗೇ ಬಂತು, ಇಂದಿಗೂ ತಿದ್ದುಪಡಿಯಾಗಿಲ್ಲ. ಮುಂದೆ ಬಹುಕಾಲ ಅಲೆಗಳೆಲ್ಲ ಸರ್ಕಾರದ ಸ್ವತ್ತಾಗಿದ್ದವು. 1995ರಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕರ ಆಸ್ತಿ ಎಂದು ಹೇಳಿತು. ಆ ವ್ಯಾಜ್ಯ ನಡೆದದ್ದು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ಬಂಗಾಳದ ಕ್ರಿಕೆಟ್ ಸಂಸ್ಥೆಗೂ. ವಿಷಯ, ಪಂದ್ಯಗಳನ್ನು ಟಿವಿಯಲ್ಲಿ ತೋರಿಸುವ ಹಕ್ಕು. ರಾಗಿಗೆ ಬಿದ್ದ ಬೆಂಕಿರೋಗದ ಬಗ್ಗೆ ಮಾತಾಡುವ ರೈತ ಮಹಿಳೆಯ ಮೈಕಿಗೆ ಮೂಲಪುರುಷ ಕ್ರಿಕೆಟ್ಟು ಎಂಬುದನ್ನು ಇತಿಹಾಸಕಾರರು ಮುಚ್ಚಿಡುತ್ತ ಬಂದಿದ್ದಾರೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆಯಿತು. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಅಲ್ಲಿಯವರೆಗೂ ಕಾಯಲಿಲ್ಲ. ಅಲೆ ಕೊಡದಿದ್ದರೆ ಬೇಡ ಎಂದು ತಂತಿ ಎಳೆದು ‘ನಮ್ಮ ಧ್ವನಿ’ಯನ್ನು ಮನೆಮನೆಗೆ ಮುಟ್ಟಿಸಿದ್ದರು.

ಇನ್ನು ಶಾಸ್ತ್ರ. ಕೇಂದ್ರದ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರುವಂತಿಲ್ಲ, ಅಂದರೆ ಅಜ್ಜನ ಕಾಲದ ಹಜಾರದ ಬಲ್ಬಿನಷ್ಟು. ಗೋಪುರ 30 ಮೀಟರಿಗಿಂತ ಎತ್ತರವಿರಕೂಡದು. ಹೀಗಾಗಿ ದನಿ ಹತ್ತು ಹನ್ನೆರಡು ಕಿಲೋಮೀಟರಿನಾಚೆ ಹೋಗುವುದಿಲ್ಲ. ಅದರಾಚೆಗಿನ ದಯೆ, ಕರುಣೆ, ಅನುಕಂಪಗಳು ಪರವಾನಗಿಯ ವ್ಯಾಪ್ತಿಗೆ ಒಳಪಡುವುದಿಲ್ಲ.

ಇಲ್ಲಿ ಪೂರ್ವಪಕ್ಷದವರು ಒಂದು ಆಕ್ಷೇಪ ಎತ್ತುತ್ತಾರೆ. ದಾನಿಗೆ ಬೇಕಾದದ್ದು ಕಾಣಿಸಿಕೊಳ್ಳುವುದು, ರೇಡಿಯೊದಲ್ಲಿ ಕಾಣುವುದಿಲ್ಲ, ಆದ್ದರಿಂದ ರೇಡಿಯೊದಿಂದ ದಾನ ಹುಟ್ಟದು. ಆಕ್ಷೇಪ ಬಲವಾಗಿದೆ. ಆದರೆ ಚೆಕ್ ಹಸ್ತಾಂತರದ ನೇರ ಪ್ರಸಾರ ಕೇಳದವರು ಮಾತ್ರ ಹೀಗೆ ವಾದಿಸಬಲ್ಲರು. “ಕೇಳುಗರೇ, ಈಗ ಚೆಕ್ ತರ್ತಾ ಇದಾರೆ. ಥರ್ಮಾಕೋಲಿಂದು. ಆರಡಿ ಇರಬಹುದು. ಎಡಗಡೆ ಅಧ್ಯಕ್ಷರು ಹಿಡ್ಕೊಂಡಿದಾರೆ, ಬಲಗಡೆ ಶಾಸಕರು. ನಡುವೆ ಯಾರೋ ಇದಾರೆ, ಚೆಕ್ ಅಡ್ಡ ಇರೋದ್ರಿಂದ ಕಾಣ್ತಿಲ್ಲ...” ನಡುವೆ ಇದ್ದವನು ಆ ಹಣ ಯಾರ ಚಿಕಿತ್ಸೆಗೆ ಬೇಕಿತ್ತೋ ಆ ಹುಡುಗ. ದೃಶ್ಯ ಮಾಧ್ಯಮ ಇದನ್ನು ಇಷ್ಟು ನಿಖರವಾಗಿ ಎಂದೂ ವರದಿ ಮಾಡಿಲ್ಲ.

ಮುಂದಿನದು ಗಣಿತ, ಪ್ರಬಂಧದ ತಿರುಳೇ ಇದು. 2024ರಲ್ಲಿ ಕೇಂದ್ರ ಸರ್ಕಾರ ಸಮುದಾಯ ಬಾನುಲಿಯ ಜಾಹೀರಾತು ಅವಧಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೆ ಏರಿಸಿತು. ತನ್ನ ಜಾಹೀರಾತಿಗೆ ತಾನು ಕೊಡುವ ದರವನ್ನು ಹತ್ತು ಸೆಕೆಂಡಿಗೆ 52ರಿಂದ 74 ರೂಪಾಯಿ ಮಾಡಿತು. ಈಗ ಒಬ್ಬ ದಾನಿಯನ್ನು ಕಲ್ಪಿಸಿಕೊಳ್ಳಿ. ಕೊಟ್ಟದ್ದು 501 ರೂಪಾಯಿ. ಅವರ ಹೆಸರು, ಇನಿಷಿಯಲ್ಲು, ಅಂಗಡಿಯ ಹೆಸರು, ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ದಾರಿ, ಹಾಲಿ ಹುದ್ದೆ, ಮಾಜಿ ಹುದ್ದೆಗಳು, ಕೊಡುಗೈ ದಾನಿ ಎಂಬ ವಿಶೇಷಣ, ತೀರ್ಥರೂಪರ ಸ್ಮರಣಾರ್ಥ ಎಂಬ ಟಿಪ್ಪಣಿ, ಇಷ್ಟನ್ನೂ ಉಸಿರು ತಗೊಳ್ಳದೆ ಓದಿದರೆ 70 ಸೆಕೆಂಡು. ಸರ್ಕಾರಿ ದರದಲ್ಲೇ ಬೆಲೆ ಕಟ್ಟಿದರೂ 518 ರೂಪಾಯಿ. ದಾನಿಗೆ 17 ರೂಪಾಯಿ ಲಾಭ. ಪುಣ್ಯ ಬೇರೆ.

ಹೀಗೆ ಹತ್ತು ಮಂದಿಯನ್ನು ಓದಿ ಮುಗಿಸುವಷ್ಟರಲ್ಲಿ ಗಂಟೆಯ 12 ನಿಮಿಷದಲ್ಲಿ 20 ಸೆಕೆಂಡು ಮಾತ್ರ ಉಳಿದಿರುತ್ತದೆ. ಹನ್ನೊಂದನೆಯ ದಾನಿ ಇನಿಷಿಯಲ್ಲಿಗೇ ನಿಲ್ಲುತ್ತಾರೆ. ಮರುದಿನ ಅವರ ತಮ್ಮ ಕೇಂದ್ರಕ್ಕೆ ಬರುತ್ತಾರೆ, ಕೂರುವುದಿಲ್ಲ.

ದಾನ ಹೆಸರಿಗಾಗಿ ಎಂಬ ಈ ಸಿದ್ಧಾಂತಕ್ಕೆ ಒಂದು ಅಪವಾದ ಇದೆ ಎಂಬುದನ್ನು ಮುಚ್ಚಿಡುವುದು ವಿದ್ವತ್ತಿಗೆ ಶೋಭೆಯಲ್ಲ. ಪ್ರಕಟಣೆ ಕೇಳಿ ಸಂತೆಯಿಂದ ನೇರವಾಗಿ ಕೇಂದ್ರಕ್ಕೆ ಬಂದು, ಎಲೆಯಡಿಕೆ ಚೀಲದಿಂದ ಇಪ್ಪತ್ತು ರೂಪಾಯಿ ಬಿಚ್ಚಿ ಮೇಜಿನ ಮೇಲಿಟ್ಟು, “ಆ ಮಗೀಗೆ ಕೊಟ್ಬುಡವ್ವ” ಎನ್ನುವ ಸೊಪ್ಪು ಮಾರುವ ಅಜ್ಜಿಯರಿದ್ದಾರೆ. ಹೆಸರು ಕೇಳಿದರೆ “ಹೆಸ್ರ್ಯಾಕೆ” ಎನ್ನುತ್ತಾರೆ. ರಸೀದಿ ಬರೆಯುವಷ್ಟರಲ್ಲಿ ಮೆಟ್ಟಿಲು ಇಳಿದಿರುತ್ತಾರೆ. ಲೆಕ್ಕ ತಪ್ಪಿಸುವ ಇಂಥವರನ್ನು ಸದ್ಯಕ್ಕೆ ಅಧ್ಯಯನದಿಂದ ಕೈಬಿಡಲಾಗಿದೆ.

ಸುದ್ದಿಯ ವಿಚಾರಕ್ಕೆ ಬಂದರೆ ನಿಯಮ ಇನ್ನೂ ಸೊಗಸಾಗಿದೆ. ಸಮುದಾಯ ಬಾನುಲಿ ತಾನೇ ಸುದ್ದಿ ಮಾಡಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ, ಹವಾಮಾನ, ನೀರು, ಕರೆಂಟು, ಪರೀಕ್ಷೆಯ ಫಲಿತಾಂಶ, ಇವು ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ಸಂಘಟನಾ ಸಮಿತಿಗಳು ಬರೆದಿರುವ ಭಾಷ್ಯ ಹೀಗಿದೆ: “ಹಣ ಕೊಡಿ” ಎಂಬುದು ಪ್ರಕಟಣೆ, ದಿನಕ್ಕೆ ಎಷ್ಟು ಸಲ ಬೇಕಾದರೂ ಹೇಳಬಹುದು. “ಬಂದ ಹಣ ಎಷ್ಟು, ಶಾಮಿಯಾನಕ್ಕೆಷ್ಟು, ಊಟಕ್ಕೆಷ್ಟು, ಉಳಿದದ್ದೆಷ್ಟು” ಎಂಬುದು ಸುದ್ದಿ, ನಿಷಿದ್ಧ. ಕಾನೂನಿನ ಮೇಲೆ ಇಷ್ಟೊಂದು ಗೌರವ ಇಟ್ಟುಕೊಂಡ ಸಮಿತಿಗಳು ಬೇರೆ ಕಡೆ ಸಿಗುವುದು ಕಷ್ಟ.

ಫ್ಲೆಕ್ಸ್ ಶಾಸನದ ಅಧ್ಯಯನದಿಂದಲೂ ಕೆಲವು ಅಂಶ ತಿಳಿಯುತ್ತವೆ. ಮೇಲ್ಗಡೆ ಸ್ವಾಮೀಜಿ, ಅವರ ಕೆಳಗೆ ಸಚಿವರು, ಶಾಸಕರು, ಹುಟ್ಟುಹಬ್ಬ ಹತ್ತಿರವಿರುವ ಯುವ ಮುಖಂಡರು. ಎಲ್ಲಕ್ಕಿಂತ ಕೆಳಗೆ, ಸೌಂಡ್ ಸಿಸ್ಟಮ್‌ನವರ ಫೋನ್ ನಂಬರಿನ ಬಲಕ್ಕೆ, ಬೆರಳುಗುರಿನಗಲದ ಜಾಗದಲ್ಲಿ ‘ರೇಡಿಯೊ ಪಾರ್ಟ್ನರ್’. ಸೌಂಡ್ ಸಿಸ್ಟಮ್‌ನವರಿಗೆ ಬಾಡಿಗೆ ಇದೆ, ಶಾಮಿಯಾನದವರಿಗೆ ಅಡ್ವಾನ್ಸ್ ಇದೆ, ನಿರೂಪಕರಿಗೆ ಕವರ್ ಇದೆ. ಪಾರ್ಟ್ನರಿಗೆ ಶಾಲು.

ಶಾಲಿನಿಂದ ಕರೆಂಟ್ ಬಿಲ್ ಕಟ್ಟಲಾಗುವುದಿಲ್ಲ ಎಂಬುದು ಪ್ರಯೋಗಸಿದ್ಧ. ಯುಪಿಎಸ್ ಬ್ಯಾಟರಿ ಕೈಕೊಟ್ಟು ವಾರವಾದರೂ, ಲೋಡ್ ಶೆಡ್ಡಿಂಗ್ ಮುಗಿದ ಕೂಡಲೆ ಕೇಂದ್ರ ಮೊದಲು ಓದುವುದು ಇನ್ನೊಬ್ಬರ ಸಹಾಯಾರ್ಥ ನಾಟಕದ ಪ್ರಕಟಣೆಯನ್ನೇ. ತನಗೇ ಜಾಗವಿಲ್ಲ, ಕೊರಳಲ್ಲಿ ಡೋಲು ಬೇರೆ ಎಂಬ ಗಾದೆ ಮಾಡಿದವರು ರೇಡಿಯೊ ಕಂಡಿರಲಿಲ್ಲ, ಆದರೂ ವಿಷಯ ಗೊತ್ತಿತ್ತು. ಕೇಂದ್ರ ತನ್ನದೇ ಸಹಾಯಾರ್ಥ ಒಂದು ಕಾರ್ಯಕ್ರಮ ಮಾಡಬಾರದೇಕೆ ಎಂದು ಕೇಳಬಹುದು. ಮಾಡಬಹುದು. ಅದಕ್ಕೂ ಪುಕ್ಕಟೆ ಪ್ರಚಾರ ಕೊಡುವ ಇನ್ನೊಂದು ರೇಡಿಯೊ ಆ ಹನ್ನೆರಡು ಕಿಲೋಮೀಟರಿನೊಳಗೆ ಇರಬೇಕಷ್ಟೆ.

ಆದ್ದರಿಂದ ಓದುಗರಲ್ಲಿ ವಿನಂತಿ. ಮುಂದಿನ ಸಲ ನಿಮ್ಮ ಸಂಘದ ಸಹಾಯಾರ್ಥ ಯಕ್ಷಗಾನಕ್ಕೋ ರಸಮಂಜರಿಗೋ ರೇಡಿಯೊದವರನ್ನು ಕರೆಯುವಾಗ ಶಾಲು ತರಿಸಬೇಡಿ. ಪ್ರಕಟಣೆಗೆ ಎಷ್ಟಾಯಿತು ಎಂದು ಕೇಳಿ, ಸೌಂಡ್ ಸಿಸ್ಟಮ್‌ನವರ ಜೊತೆಗೇ ಅವರದ್ದನ್ನೂ ಚುಕ್ತಾ ಮಾಡಿ. ರಸೀದಿ ಕೊಡುತ್ತಾರೆ.