ನಕಾಶೆದಾಗ ಒಂಬತ್ತು ಮೀಟರ್

ಕೋವಾಡದ ಹೊರಗ ಕಬ್ಬು ಕಡಿದ ಹೊಲ. ಸುಣ್ಣದ ಗೆರಿ, ನಂಬರ ಬರದ ಕಲ್ಲು, ನಡುವ ಏಜೆಂಟರು.

"ರಸ್ತಾ ಎಷ್ಟ ಅಗಲ ರೀ?"

"ಒಂಬತ್ತು ಮೀಟರ್, ಅಣ್ಣಾರ. ಮಹಾರಾಷ್ಟ್ರದ 2020ರ ನಿಯಮನ ಹಂಗೈತಿ."

"ನನ್ನ ಬುಲೆಟ್ ತಿರುಗವಲ್ದಲ್ಲ!"

"ನಿಮ್ಮ ಪಾವಟಗಿ, ಎದುರಿನವರ ಕಟ್ಟಿ, ಎರಡೂ ಗಟಾರ ಕೂಡಿಸ್ರಿ. ಒಂಬತ್ತಾಗ್ತೈತಿ."

"ಶೇಕಡಾ ಹತ್ತು ಬಯಲು ಜಾಗಾ?"

"ಆ ಎಮ್ಮಿ ಮಲಗೈತಲ್ಲ, ಅದ ಗಾರ್ಡನ್."

"ಹೊಲ ಬಿನಶೇತಕಿ, ಎನ್‌ಎ ಆಗೈತೇನು?"

"ಗುಂಠೇವಾರಿ ಕಾಯ್ದೆದಾಗ ಸಕ್ರಮ ಆಗ್ತೈತಿ ಬಿಡ್ರಿ."

"ಅದು 2020ರ ಡಿಸೆಂಬರ್ 31ರ ಒಳಗಿನ ಪ್ಲಾಟಿಗಷ್ಟ!"

"ಮೊದಲ 2001ರ ಜನವರಿ ಇತ್ತು, ಸರೀತಲ್ಲ? ರಸ್ತಾದಂಗಲ್ಲರಿ, ತಾರೀಖು ಅಗಲಾಗ್ತಾವು."

"2019ರ ಮಹಾಪೂರದಂಗ ತಾಮ್ರಪರ್ಣಿ ಹೊಳಿ ಒಳಗ ಬಂದ್ರ?"

"ಆಕಿಗೆ ಬೇಕಾದಷ್ಟ ಅಗಲ ಆಕಿನ ಮಾಡ್ಕೋತಾಳ. ಇಸಾರ ಎಷ್ಟ ಕೊಡ್ತೀರಿ?"