ಮತ್ಸ್ಯಶಿಶು ಮರಣ ಮೀಮಾಂಸೆ

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟಿನಲ್ಲಿ ಬ್ಲ್ಯಾಕ್ ಬ್ರೌಸ್ ಬೆಕ್ ಎಂಬ ಪುಟ್ಟ ಹಳ್ಳವಿದೆ. ಜೆ. ಎಂ. ಎಲಿಯಟ್ ಎಂಬ ವಿದ್ವಾಂಸರು 1966ರಿಂದ ಮೂರು ದಶಕ ಅದರಲ್ಲಿ ಟ್ರೌಟ್ ಮೀನಿನ ಮರಿಗಳನ್ನು ಎಣಿಸಿದರು. ಮರಿ ಸಾಯುವುದು ಏತರಿಂದ ಎಂದು ತಿಳಿಯಲು ಇಷ್ಟು ಕಾಲ ಬೇಕೇ ಎಂದು ಹುಬ್ಬೇರಿಸುವವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ, ಮುಂದೆ ಓದಕೂಡದು.

ಮೊದಲ ಪೂರ್ವಪಕ್ಷ ಹೂಳುವಾದಿಗಳದು. ತಾಯಿಮೀನು ಬಾಲದಿಂದ ಜಲ್ಲಿ ಕೆದಕಿ, ಗುಂಡಿಯಲ್ಲಿ ಮೊಟ್ಟೆಯಿಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಕಲ್ಲಿನ ಸಂದಿಯಲ್ಲಿ ನೀರಾಡಿದರೆ ಮೊಟ್ಟೆಗೆ ಉಸಿರು. ನುಣ್ಣನೆ ಮಣ್ಣು ಬಂದು ಸಂದಿ ಮೆತ್ತಿದರೆ ಅಲ್ಲೇ ಸಮಾಧಿ. ಇದು ನಿಜವೇ ಆದ್ದರಿಂದ ವಾದಕ್ಕೆ ರುಚಿಯಿಲ್ಲ.

ಎರಡನೆಯದು ಉಷ್ಣವಾದ. 10 ಡಿಗ್ರಿ ನೀರಿನಲ್ಲಿ ಮೊಟ್ಟೆ ಒಡೆಯಲು ಸುಮಾರು ಆರು ವಾರ, 5 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅದರ ಇಮ್ಮಡಿ. 25 ಡಿಗ್ರಿ ಸಮೀಪಿಸಿದರೆ ಮೀನಿಗೇ ಪ್ರಾಣಸಂಕಟ. ನೀರು ಬಿಸಿಯೇರಿದಷ್ಟೂ ಆಮ್ಲಜನಕ ಇಳಿಯುವುದರಿಂದ ಏದುಸಿರಿಗೂ ಬಡತನ. ಇಂಗ್ಲೆಂಡಿನ 1976ರಂಥ ಬರ ಬಂದಾಗ ಈ ಪಕ್ಷಕ್ಕೆ ಬಲ ಬರುತ್ತದೆ, ಹಳ್ಳಕ್ಕೆ ನೀರು ಬರುವುದಿಲ್ಲ.

ಇನ್ನು ಸಿದ್ಧಾಂತ. ವಸಂತದಲ್ಲಿ, ಹೊಟ್ಟೆಗಂಟಿದ ಹಳದಿ ಚೀಲದ ಆಹಾರ ಮುಗಿಯುತ್ತಿದ್ದಂತೆ, ಮರಿ ಜಲ್ಲಿಯಿಂದ ಮೇಲೆದ್ದು ಪ್ರವಾಹಕ್ಕೆ ಮುಖಮಾಡಿ ಒಂದು ಕಲ್ಲಿನ ಬಳಿ ನಿಲ್ಲುತ್ತದೆ. ಅಂಗುಲದುದ್ದದ ಪ್ರಾಣಿ, ಪಕ್ಕದ್ದು ಗಡಿ ದಾಟಿತೋ, ರೆಕ್ಕೆ ನಿಗುರಿಸಿ ಏರಿಹೋಗುತ್ತದೆ, ಕಚ್ಚುತ್ತದೆ. ಜಾಗ ಸಿಗದ ಒಡಹುಟ್ಟುಗಳು ಉಪವಾಸದಲ್ಲಿ ಹೊಳೆಗುಂಟ ತೇಲಿ ಸಾಯುತ್ತವೆ. ಮೊದಲ ಒಂದೆರಡು ತಿಂಗಳಲ್ಲೇ ಬಹುಪಾಲು ಲೆಕ್ಕ ಚುಕ್ತಾ. ಜಲ್ಲಿ ಶುದ್ಧ, ನೀರು ತಣ್ಣಗೆ, ಮಳೆ ಸಕಾಲಕ್ಕೆ ಎಂದು ಎಲ್ಲ ಸರಿಯಿದ್ದ ವರ್ಷವೇ ದಾಯಾದಿ ಕಲಹ ಜೋರು. ಮೊಟ್ಟೆ ಒಂದು ಮಿತಿ ಮೀರಿದರೆ ಉಳಿಯುವ ಮರಿ ಹೆಚ್ಚುವ ಬದಲು ಕಡಿಮೆಯಾಗುತ್ತದೆ ಎಂಬುದು ಎಲಿಯಟ್ಟರ ನಿರ್ಣಯ. ಮಹಾಭಾರತ ಕೇಳಿ ಬೆಳೆದವರಿಗೆ ಇದು ಹೊಸತಲ್ಲ ನಿಜ. ಆದರೆ ವ್ಯಾಸರು ಗ್ರಾಫ್ ಹಾಕಿರಲಿಲ್ಲ.

ಹಾಗಾದರೆ ಪರಿಸರ ನಿರ್ದೋಷಿಯೇ? ಛೇ. ಜಗಳದ ಕಣವನ್ನು ಅಳೆದುಕೊಡುವುದೇ ಅದು. ಹಳ್ಳ ಕುಗ್ಗಿದರೆ ಜಾಗ ಕುಗ್ಗಿತು. ದಪ್ಪ ಕಲ್ಲುಗಳಿದ್ದರೆ ನೆರೆಯವರ ಮುಖ ಕಾಣದು, ಆದ್ದರಿಂದ ಅದೇ ಹಳ್ಳದಲ್ಲಿ ಇನ್ನೂ ನಾಲ್ಕು ಸಂಸಾರ ಹಿಡಿಸುತ್ತವೆ.

ತಾಯಿಯೇ ಮೊಟ್ಟೆ ಕಡಿಮೆ ಇಡಬಾರದೇ ಎಂಬ ಕೊನೆಯ ಆಕ್ಷೇಪ ನಿಲ್ಲುವುದಿಲ್ಲ. ಎಷ್ಟು ಕಲ್ಲು ಖಾಲಿಯಿವೆ ಎಂದು ವಿಚಾರಿಸಿಕೊಂಡು ಹಳ್ಳಕ್ಕೆ ಬರುವ ಪದ್ಧತಿ ಟ್ರೌಟ್ ಕುಲದಲ್ಲಿಲ್ಲ.