ದಕ್ತುಲಿಯೊಸ್: ಅಳಿಯಮೂಲ ಸಿದ್ಧಾಂತ

ಪ್ರಾಚೀನ ಗ್ರೀಕರು ಬೆರಳಿಗೆ ‘ದಕ್ತುಲೊಸ್’ ಎಂದರು, ಉಂಗುರಕ್ಕೆ ‘ದಕ್ತುಲಿಯೊಸ್’ ಎಂದರು. ಬೆರಳಿನಿಂದ ಉಂಗುರ ಹುಟ್ಟಿತೆಂಬುದು ಯುರೋಪಿನ ಪಂಡಿತರ ಮತ. ಬಸವನಗುಡಿಯಲ್ಲಿ ಒಂದೇ ಒಂದು ವರಪೂಜೆ ನೋಡಿದ್ದರೆ ಅವರು ಈ ಪ್ರಮಾದಕ್ಕೆ ಬೀಳುತ್ತಿರಲಿಲ್ಲ. ಇಲ್ಲಿ ಉಂಗುರ, ಅದರ ತೂಕ ಮೊದಲೇ ನಿಶ್ಚಯ. ಯಾವ ಬೆರಳಿಗೆ ಎಂಬುದು ಆಮೇಲಿನ ಮಾತು. ಪದವನ್ನು ಬಿಡಿಸಿದರೆ ‘ದಕ್ತು + ಅಳಿಯ + ಓಸಿ’, ಅಂದರೆ ಅಳಿಯನಿಗೆ ಪುಕ್ಕಟೆ ದಕ್ಕಿದ್ದು. ಲೋಪಸಂಧಿಯಾಗಿ ‘ದಕ್ತಳಿಯ’ ಆಗಬೇಕಲ್ಲ ಎಂದು ವೈಯಾಕರಣರು ತಕರಾರೆತ್ತಬಹುದು. ಕೇಶಿರಾಜ ಶಬ್ದಮಣಿದರ್ಪಣ ಬರೆದದ್ದು 13ನೆಯ ಶತಮಾನದಲ್ಲಿ. ಪ್ಲೇಟೋನ ಕಾಲದವರಿಗೆ ಅದು ಎಲ್ಲಿ ಸಿಗಬೇಕು? ಉಕಾರ ಬಿಡುವ ಕಡೆ ಅಕಾರ ಬಿಟ್ಟರು. ಳಕಾರವಂತೂ ಅವರ ವರ್ಣಮಾಲೆಯಲ್ಲೇ ಇಲ್ಲ (ನಮ್ಮ ಎಫ್‌ಎಂ ನಿರೂಪಕರಿಗೆ ಈ ನೆಪವೂ ಇಲ್ಲ). ಇನ್ನು ‘ದಕ್ತುಲಿಯೊಸ್’ನಿಂದ ನಡುವಿನ ‘ಇ’ಯನ್ನು ತೆಗೆದರೆ ‘ದಕ್ತುಲೊಸ್’ ಉಳಿಯುತ್ತದೆ. ಉಂಗುರ ಕಳಚಿದರೆ ಉಳಿಯುವುದು ಬೆರಳೇ ತಾನೆ?

ರೂಪಗಳನ್ನು ನೋಡಿದರೆ ಸಂಶಯಕ್ಕೆ ಎಡೆಯೇ ಇಲ್ಲ. ಕನ್ನಡದಲ್ಲಿ ಉಂಗುರ ನಪುಂಸಕಲಿಂಗ, ಗ್ರೀಕಿನಲ್ಲಿ ಪುಲ್ಲಿಂಗ. ಲೋಹಕ್ಕೆ ಗಂಡಸುತನ ಬಂದದ್ದು ಒಳಗೆ ಅಡಗಿರುವ ಅಳಿಯನಿಂದ. ಬಹುವಚನ ‘ದಕ್ತುಲಿಯೊಯ್’, ಅಳಿಯಂದಿರು ಹಲವರಿದ್ದಾಗ ಮಾವ ‘ಓಯ್’ ಎಂದು ಕೂಗಿ ಹಂಚಿದ್ದರ ಕುರುಹು. ಷಷ್ಠಿಯ ‘ದಕ್ತುಲಿಯೂ’ದಲ್ಲಿ ‘ವಾಚೂ ಬೇಕು’ ಎಂಬ ಸಮುಚ್ಚಯದ ಊಕಾರ ಸ್ಪಷ್ಟವಾಗಿ ಕೇಳುತ್ತದೆ. ‘ಓಸಿ’ ಎಂಬುದು ಕಂಪನಿ ಕಾಲದ ಇಂಗ್ಲಿಷ್ ಸಂಕ್ಷೇಪ ಎನ್ನುವವರಿದ್ದಾರೆ. ಕಾರ್ನ್‌ವಾಲಿಸನ ಸೇನೆ ಬೆಂಗಳೂರು ಕೋಟೆ ಹಿಡಿದದ್ದು 1791ರಲ್ಲಿ. ಅಲ್ಲಿಯವರೆಗೆ ನಮ್ಮ ಅಳಿಯಂದಿರು ಎಲ್ಲಕ್ಕೂ ಕಾಸು ಕೊಡುತ್ತಿದ್ದರೆ?

ಗ್ರೀಸಿಗೂ ಕನ್ನಡಕ್ಕೂ ಎತ್ತಣ ನಂಟು ಎಂಬ ಆಕ್ಷೇಪ ಉಳಿಯಿತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೆಯ ಪಪೈರಸ್ಸಿನ ಗ್ರೀಕ್ ಪ್ರಹಸನದಲ್ಲಿ ಭಾರತದ ಪಾತ್ರಗಳು ಆಡುವ ಮಾತು ಕನ್ನಡವೆಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದ, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಅದರ ಬೆನ್ನು ಹತ್ತಿದರು. ಎಲ್ಲರೂ ಒಪ್ಪಿಲ್ಲ, ನಿಜ. ಅಳಿಯಂದಿರನ್ನೂ ಎಲ್ಲರೂ ಒಪ್ಪುವುದಿಲ್ಲ, ಉಂಗುರ ಕೊಡುವುದು ತಪ್ಪುತ್ತದೆಯೆ? ಬಿ.ಎಂ.ಶ್ರೀ. ಸೋಫೋಕ್ಲಿಸನ ‘ಏಯಾಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಮಾಡಿದ್ದನ್ನು ಸಾಲವೆಂದು ತಿಳಿಯಬಾರದು. ಉಂಗುರದ ಮೇಲಿನ ಬಡ್ಡಿ ವಸೂಲಾದದ್ದು ಅಷ್ಟೆ.

ಆದಕಾರಣ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ತನ್ನ ನಿಘಂಟಿನ ಮುಂದಿನ ಪರಿಷ್ಕರಣೆಯಲ್ಲಿ ಈ ಶಬ್ದವನ್ನು ‘ದೇಶ್ಯ’ ಎಂದು ಸೇರಿಸಬೇಕಾಗಿ ವಿನಂತಿ. ಪ್ರಯೋಗವಾಕ್ಯ ಬೇಕಿದ್ದರೆ, ಮೊದಲ ದೀಪಾವಳಿಗೆ ಅಳಿಯನನ್ನು ಕರೆದಿರುವ ಮಲ್ಲೇಶ್ವರದ ಯಾವ ಮಾವನನ್ನಾದರೂ ಕೇಳಬಹುದು.